ಹತ್ತು ಸೆಂಟಿನ ದಪ್ಪ ಕವರ್: ಕ್ಯಾಲಿಫೋರ್ನಿಯಾದ 2014ರ ರಾಜಿಗೆ ಒಪ್ಪಿದ್ದು ತಪ್ಪಾ?

ಪಶ್ಚಿಮದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ 2014ರ ಪ್ಲಾಸ್ಟಿಕ್ ಕವರ್ ಕಾನೂನನ್ನು (ತೆಳು ಕವರ್ ನಿಷೇಧ, ದಪ್ಪದ್ದು ಹತ್ತು ಸೆಂಟಿಗೆ) ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಸ್ವಲ್ಪ ಉದ್ದ ಬರೆದಿದ್ದೇನೆ. ಈ ವಿಷಯ ಕೆಲವು ದಿನದಿಂದ ತಲೆಯಲ್ಲೇ ಕೂತಿದೆ.

ನಾನಿರುವುದು ಸ್ಯಾನ್ ಹೊಸೆಯಲ್ಲಿ. ಮೊನ್ನೆ ಅಡುಗೆಮನೆ ಸಿಂಕ್ ಕೆಳಗೆ ಪೈಪ್ ಸೋರುತ್ತಿತ್ತು. ರಿಪೇರಿಗೆ ಅಂತ ಒಳಗಿದ್ದದ್ದನ್ನೆಲ್ಲ ಈಚೆ ತೆಗೆದೆವು. ಮೂಲೆಯಲ್ಲಿ ಒಂದು ದಪ್ಪ ಕವರ್, ಅದರ ತುಂಬ ಇನ್ನಷ್ಟು ದಪ್ಪ ಕವರ್‌ಗಳು. ಏಳನೇ ಕ್ಲಾಸಿನ ಮಗಳು ನೆಲದ ಮೇಲೆ ಹರಡಿಕೊಂಡು ಎಣಿಸಿದಳು. 43 ಇದ್ದವು. ಕೆಲವದರ ಮೇಲೆ 125 ಸಲ ಬಳಸಬಹುದು ಅಂತ ಅಚ್ಚು ಹಾಕಿದ್ದಾರೆ. "ಇವನ್ನ ನಾವು ಎಷ್ಟು ಸಲ ಬಳಸಿದ್ದೀವಿ ಅಪ್ಪಾ?" ಅಂದಳು. ಬಹುಪಾಲು ಒಂದೇ ಸಲ, ಅಂಗಡಿಯಿಂದ ಮನೆಗೆ. ಅದನ್ನೇ ಹೇಳಿದೆ.

ಅವಳು ಅಷ್ಟಕ್ಕೆ ಬಿಡಲಿಲ್ಲ. 2016ರ ಅಕ್ಟೋಬರ್‌ನಲ್ಲಿ ನಾನು ನಾಲ್ಕು ಶನಿವಾರ ಮನೆಮನೆ ಬಾಗಿಲು ತಟ್ಟಿದ್ದೆ. ಆ ಕಾನೂನು ಇರಲಾ ಬೇಡವಾ ಅಂತ ಜನರನ್ನೇ ಕೇಳಿದ ಪ್ರೊಪೊಸಿಷನ್ 67ಕ್ಕೆ 'ಹೌದು' ಅಂತ ಮತ ಹಾಕಿ ಎಂದು ಕೇಳಿಕೊಳ್ಳುತ್ತಿದ್ದೆ. ನನಗೆ ಆಗ ಮತ ಇರಲಿಲ್ಲ, ಗ್ರೀನ್ ಕಾರ್ಡ್ ಅಷ್ಟೇ. ಎರಡು ವರ್ಷದ ಇವಳನ್ನ ಸ್ಟ್ರಾಲರ್‌ನಲ್ಲಿ ಕೂರಿಸಿಕೊಂಡು ಓಡಾಡುತ್ತಿದ್ದೆ. ಆ ಫೋಟೋ ಇನ್ನೂ ಫ್ರಿಜ್ ಮೇಲಿದೆ. "ಆವತ್ತು ನೀನು ಎಲ್ಲರ ಹತ್ತಿರ ಕೇಳಿದ್ದು ಈ ಕವರ್‌ಗೋಸ್ಕರವಾ?" ಅಂದಳು. ಅವಳು ಅಣಕಿಸಲಿಲ್ಲ, ನಿಜವಾಗಿಯೂ ತಿಳಿಯೋಕೆ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಲೆಕ್ಕ ಹುಡುಕಿದೆ. ಕಾನೂನು ಪಾಸಾದ 2014ರಲ್ಲಿ ಇಡೀ ರಾಜ್ಯದಲ್ಲಿ ಕಸಕ್ಕೆ ಹೋದ ಪ್ಲಾಸ್ಟಿಕ್ ಬ್ಯಾಗ್ 1,57,385 ಟನ್. 2020ರ ದಶಕ ಶುರುವಾಗುವ ಹೊತ್ತಿಗೆ 2,31,072 ಟನ್. ನಿಷೇಧ ಬಂದ ಮೇಲೆ ಕಸ ಜಾಸ್ತಿ ಆಗಿದೆ! ಅದಕ್ಕೇ 2024ರಲ್ಲಿ ಎಸ್‌ಬಿ 1053 (ಎಸ್‌ಬಿ ಅಂದರೆ ರಾಜ್ಯ ಸೆನೆಟ್‌ನ ಮಸೂದೆ) ತಂದು, 2026ರ ಜನವರಿ 1ರಿಂದ ದಪ್ಪ ಕವರನ್ನೂ ನಿಲ್ಲಿಸಿದರು.

ನನ್ನ ಪ್ರಶ್ನೆ ಇಷ್ಟು. ತೆಳು ಕವರ್ ಬೇಡ, ದಪ್ಪದ್ದು ಇರಲಿ ಅನ್ನುವ ಆ ರಾಜಿಗೆ 2014ರಲ್ಲಿ ಪರಿಸರದವರು ಒಪ್ಪಿದ್ದು ಸರಿಯಾ? ಒಪ್ಪದೆ ಇನ್ನೊಂದೆರಡು ವರ್ಷ ಕಾದಿದ್ದರೆ ಗಟ್ಟಿ ಕಾನೂನು ಸಿಗುತ್ತಿತ್ತಾ?

ಕಡತ_ಓದುಗ:

ಸರ್, ನಾನು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಇದ್ದೇನೆ. ಈ ಮಸೂದೆಗಳ ಕಥೆಯನ್ನು ಮೊದಲಿನಿಂದ ನೋಡುತ್ತಾ ಬಂದವನು. ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ: ಸಿಗುತ್ತಿರಲಿಲ್ಲ. ಯಾಕೆ ಅಂತ ಹೇಳ್ತೀನಿ.

2014ರದ್ದು ಮೊದಲನೇ ರಾಜಿ ಅಲ್ಲ. 2005ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ನಗರ ಪ್ರತಿ ಬ್ಯಾಗಿಗೆ 17 ಸೆಂಟ್ ಶುಲ್ಕ ಹಾಕುವ ಆಲೋಚನೆ ಮಾಡಿತ್ತು. ನಿಷೇಧ ಅಲ್ಲ, ಬರೀ ಶುಲ್ಕ. 2006ರಲ್ಲಿ ರಾಜ್ಯ ಎಬಿ 2449 (ಎಬಿ ಅಂದರೆ ಅಸೆಂಬ್ಲಿಯ ಮಸೂದೆ) ತಂದಿತು. ದೊಡ್ಡ ಅಂಗಡಿಗಳು ಹಳೇ ಕವರ್ ಹಾಕೋಕೆ ಒಂದು ಡಬ್ಬ ಇಡಬೇಕು, ಅದಕ್ಕೆ ಬದಲಾಗಿ ಯಾವ ನಗರವೂ ಪ್ಲಾಸ್ಟಿಕ್ ಕವರ್ ಮೇಲೆ ಶುಲ್ಕ ಹಾಕುವಂತಿಲ್ಲ. ಶುಲ್ಕದ ದಾರಿ ಮುಚ್ಚಿತು. ನಿಷೇಧದ ದಾರಿ ಮುಚ್ಚುವುದನ್ನ ಮರೆತರು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಿಷೇಧವನ್ನೇ ತಂದಿತು, ಅಮೆರಿಕದಲ್ಲೇ ಮೊದಲು. ಕವರ್ ತಯಾರಿಸುವವರು ಸಣ್ಣದನ್ನ ತಡೆಯೋಕೆ ಹೋಗಿ ದೊಡ್ಡದನ್ನ ಎಳೆದುಕೊಂಡರು. ಈ ತಿರುವು ನನಗೆ ಯಾವಾಗಲೂ ನೆನಪಾಗುತ್ತೆ.

ಆಮೇಲೆ ಇಡೀ ರಾಜ್ಯಕ್ಕೆ ನಿಷೇಧ ತರೋಕೆ 2010ರಲ್ಲಿ ಎಬಿ 1998 ಬಂತು. ಗವರ್ನರ್ ಶ್ವಾರ್ಜ್‌ನೆಗರ್ ಬೆಂಬಲ ಇದ್ದರೂ ಸೆನೆಟ್‌ನಲ್ಲಿ ಬಿತ್ತು. 2013ರಲ್ಲಿ ಆಗಿನ ರಾಜ್ಯ ಸೆನೆಟರ್ ಅಲೆಕ್ಸ್ ಪಡಿಯಾ ಎಸ್‌ಬಿ 405 ತಂದರು. 21 ಮತ ಬೇಕಿತ್ತು, 18 ಬಂತು. ಮೂರೇ ಮೂರು ಮತ ಕಡಿಮೆ.

ಅಡ್ಡ ನಿಂತವರಲ್ಲಿ ಪಡಿಯಾ ಅವರದೇ ಪಕ್ಷದ ಕೆವಿನ್ ಡೆ ಲಿಯೋನ್ ಮತ್ತು ರಿಕಾರ್ಡೊ ಲಾರಾ ಇದ್ದರು. ಇಬ್ಬರೂ ಲಾಸ್ ಏಂಜಲಿಸ್ ಕಡೆಯವರು. ಕವರ್ ಮಾಡುವ ಫ್ಯಾಕ್ಟರಿಗಳು ಆ ಕಡೆಯವೇ, ಅಲ್ಲಿ ಕೆಲಸ ಮಾಡುವವರು ಅವರ ಮತದಾರರು. "ನಮ್ಮ ಜನರ ಕೆಲಸ ಹೋಗುತ್ತೆ" ಅನ್ನುವುದನ್ನ ನಾನು ಹಗುರವಾಗಿ ತಗೊಳ್ಳೋದಿಲ್ಲ. ಕೂಲಿಯವನ ಮಟ್ಟಿಗೆ ಅದು ಸುಳ್ಳಲ್ಲ.

2014ರ ಜನವರಿಯಲ್ಲಿ ಮೂವರೂ ಒಟ್ಟಿಗೆ ಕೂತು ಎಸ್‌ಬಿ 270 ಘೋಷಿಸಿದರು. ಫ್ಯಾಕ್ಟರಿಗಳು ತೆಳು ಕವರ್ ಬಿಟ್ಟು ಮರುಬಳಕೆಯ ಬ್ಯಾಗ್ ಮಾಡುವಂತೆ ಯಂತ್ರ ಬದಲಿಸಿಕೊಳ್ಳಲು 20 ಲಕ್ಷ ಡಾಲರ್ ನೆರವು. ಅಂಗಡಿಯವರಿಗೆ ಪ್ರತಿ ಬ್ಯಾಗಿಗೆ ಕನಿಷ್ಠ 10 ಸೆಂಟ್, ಆ ದುಡ್ಡು ಅವರಿಗೇ. ಹಾಗಾಗಿ ದಿನಸಿ ಅಂಗಡಿಗಳ ಸಂಘವೂ ಜೊತೆಗೆ ನಿಂತಿತು. ಸೆಪ್ಟೆಂಬರ್ 30ಕ್ಕೆ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ಸಹಿ ಬಿದ್ದ ಮೇಲೂ ಬೇರೆ ರಾಜ್ಯದ ಕವರ್ ಕಂಪನಿಗಳು ಹಣ ಸುರಿದು, ಜನಮತಕ್ಕೆ ಹಾಕಬೇಕು ಅಂತ ಸಹಿ ಸಂಗ್ರಹಿಸಿದರು. 2015ರ ಜುಲೈಗೆ ಬರಬೇಕಿದ್ದ ಕಾನೂನು 2016ರ ನವೆಂಬರ್‌ವರೆಗೆ ನಿಂತೇಹೋಯಿತು. ಇಷ್ಟೆಲ್ಲ ರಾಜಿ ಆದಮೇಲೂ ಜನರ ಮತದಲ್ಲಿ ಗೆದ್ದದ್ದು ಶೇ 53ರಲ್ಲಿ. ರಾಜಿ ಇಲ್ಲದ ಕಾನೂನು ಅಲ್ಲಿಯತನಕ ಬರುತ್ತಲೇ ಇರಲಿಲ್ಲ.

ನೀವು ತಟ್ಟಿದ ಬಾಗಿಲುಗಳೂ ಆ ಶೇ 53ರಲ್ಲಿ ಇವೆ. ಬೇಜಾರು ಮಾಡಿಕೊಳ್ಳಬೇಡಿ.

ಕಾಯೋಟಿ_ಹಳ್ಳ:

ಸರ್, ಮೇಲಿನವರು ಹೇಳಿದ ಇತಿಹಾಸ ಸರಿ. ಆದರೆ ನಾನು ಒಪ್ಪೋದಿಲ್ಲ. ರಾಜಿಯಲ್ಲಿ ಕೊಟ್ಟದ್ದು ಏನು ಅನ್ನೋದನ್ನ ಅವರು ಪೂರ್ತಿ ಹೇಳಲಿಲ್ಲ.

2016ರ ಹೊತ್ತಿಗೆ ಈ ರಾಜ್ಯದಲ್ಲಿ ಸುಮಾರು 150 ನಗರ ಮತ್ತು ಕೌಂಟಿಗಳು ತಮ್ಮದೇ ನಿಷೇಧ ಮಾಡಿಕೊಂಡಿದ್ದವು. ಅದು ತಾನಾಗಿ ಬೆಳೀತಾ ಇತ್ತು. ಎಸ್‌ಬಿ 270 ಏನು ಮಾಡಿತು? 2014ರ ಸೆಪ್ಟೆಂಬರ್ 1ಕ್ಕಿಂತ ಮೊದಲು ನಿಯಮ ಮಾಡಿಕೊಂಡ ನಗರಗಳದ್ದು ಹಾಗೇ ಉಳೀತು. ಅದರ ನಂತರ ಯಾವ ನಗರವೂ ಹೊಸದಾಗಿ ಬಿಗಿ ನಿಯಮ ಬರೆಯುವಂತಿಲ್ಲ. ಹಣ ಕೊಟ್ಟರು ಸರಿ, ದಪ್ಪ ಕವರ್ ಬಿಟ್ಟರು ಸರಿ. ಆದರೆ ಮುಂದೆ ಬರುವವರ ಕೈ ಕಟ್ಟಿದ್ದು ಯಾಕೆ? ಒಂದು ನಗರ ದಪ್ಪ ಕವರನ್ನೂ ಬಿಟ್ಟು ತೋರಿಸಿದ್ದರೆ ಹತ್ತು ವರ್ಷ ಕಾಯಬೇಕಿರಲಿಲ್ಲ.

ನಾನು ಸ್ಯಾನ್ ಹೊಸೆಯ ಕಾಯೋಟಿ ಕ್ರೀಕ್ ಅನ್ನುವ ಹಳ್ಳದಲ್ಲಿ 2011ರಿಂದ ಕಸ ಎತ್ತುವ ಗುಂಪಿನಲ್ಲಿದ್ದೇನೆ. ಮೊದಲ ವರ್ಷ ವಿಲ್ಲೋ ಗಿಡಗಳ ಕೊಂಬೆಗೆ ತೆಳು ಕವರ್ ಸುತ್ತಿಕೊಂಡಿರುತ್ತಿತ್ತು. ಮಳೆಗಾಲದಲ್ಲಿ ನೀರು ಎಷ್ಟೆತ್ತರ ಬಂದಿತ್ತು ಅಂತ ಕವರ್ ನೋಡಿ ಹೇಳಬಹುದಿತ್ತು. ಹರಿದು ಎಳೆಎಳೆ ಆದದ್ದನ್ನ ಬೆರಳಲ್ಲಿ ಬಿಡಿಸಬೇಕು, ಒಂದು ಕೊಂಬೆಗೆ ಅರ್ಧ ಗಂಟೆ. 2012ರ ಜನವರಿಯಲ್ಲಿ ಸ್ಯಾನ್ ಹೊಸೆ ನಿಷೇಧ ತಂದಿತು. ಅದೇ ವರ್ಷದ ನಗರದ ವರದಿಯಲ್ಲಿ ಮಳೆನೀರಿನ ಚರಂಡಿಗಳಲ್ಲಿ ಕವರ್ ಕಸ ಶೇ 89 ಇಳಿದಿತ್ತು, ಹಳ್ಳ ಹೊಳೆಗಳಲ್ಲಿ ಶೇ 60. ನನ್ನ ಕಣ್ಣಾರೆ ಕಂಡದ್ದೂ ಹಾಗೇ ಇತ್ತು. ಒಂದು ನಗರ ಒಬ್ಬಂಟಿಯಾಗಿ ಮಾಡಿದ್ದು ಇದು.

ಇನ್ನು ದಪ್ಪ ಕವರ್ ರೀಸೈಕಲ್ ಆಗುತ್ತೆ ಅನ್ನೋ ಮಾತು. ಅದರ ಮೇಲೆ ಮೂರು ಬಾಣದ ಗುರುತು ಇದೆ ಅಲ್ವಾ? 2022ರ ನವೆಂಬರ್‌ನಲ್ಲಿ ಅಟಾರ್ನಿ ಜನರಲ್ ರಾಬ್ ಬೊಂಟಾ ಕಂಪನಿಗಳಿಗೆ ಪತ್ರ ಬರೆದು, ಅದನ್ನ ಸಾಬೀತು ಮಾಡಿ ಅಂದರು. 2025ರ ಅಕ್ಟೋಬರ್‌ನಲ್ಲಿ ಮೂರು ಕಂಪನಿಗಳ ಮೇಲೆ ಕೇಸ್ ಹಾಕಿದರು. ಇನ್ನು ನಾಲ್ಕು ಕಂಪನಿಗಳು ದುಡ್ಡು ಕಟ್ಟಿ ಇತ್ಯರ್ಥ ಮಾಡಿಕೊಂಡವು. ರಾಜಿಯ ಅರ್ಧ ತೂಕ ನಿಂತಿದ್ದೇ ಆ ಗುರುತಿನ ಮೇಲೆ.

ಕೌಂಟರ್_ಅಕ್ಕ:

ಇಬ್ಬರೂ ಹೇಳಿದ್ದನ್ನ ಓದಿದೆ. ನಾನು ಕಾನೂನು ಓದಿದವಳಲ್ಲ. 2012ರಿಂದ 2021ರ ತನಕ ಒಂದು ದಿನಸಿ ಅಂಗಡಿಯಲ್ಲಿ ಬಿಲ್ಲಿಂಗ್ ಕೌಂಟರ್‌ನಲ್ಲಿದ್ದೆ. ನೀವು ಮಾತಾಡ್ತಿರುವ ರಾಜಿ ನನ್ನ ಕೈಯ ಮೇಲೇ ಹಾದುಹೋಗಿದೆ. ಅಲ್ಲಿಂದ ಏನು ಕಂಡಿತು ಅಂತ ಹೇಳ್ತೀನಿ.

ಶುರುವಿನಲ್ಲಿ ಜನ ಬೈದರು, ನಿಜ. ಹತ್ತು ಸೆಂಟ್ ಅಂದ ತಕ್ಷಣ ಮುಖ ಬಿಗಿ. ಆದರೆ ತಮಾಷೆ ಅಲ್ಲ, ಆ ಹತ್ತು ಸೆಂಟ್ ಕೆಲಸ ಮಾಡಿತು. ನೂರು ಡಾಲರ್ ಬಿಲ್ ಕಟ್ಟುವವರು ಹತ್ತು ಸೆಂಟ್ ಉಳಿಸೋಕೆ ಸಾಲಿನಿಂದ ಹೊರಗೆ ಹೋಗಿ, ಕಾರಿನಿಂದ ಬಟ್ಟೆ ಬ್ಯಾಗ್ ತಗೊಂಡು ಬರೋರು. ಎರಡು ಮೂರು ಸಾಮಾನು ಇದ್ದವರು ಕೈಯಲ್ಲೇ ಹಿಡ್ಕೊಂಡು ಹೋಗೋರು. ಒಬ್ಬರು ಅಜ್ಜ ಪ್ರತಿ ಮಂಗಳವಾರ ಒಂದೇ ನೀಲಿ ಕ್ಯಾನ್ವಾಸ್ ಬ್ಯಾಗ್ ತರೋರು. ಅದರ ಹಿಡಿಕೆ ಎರಡು ಸಲ ಹೊಲಿಸಿದ್ದರು. ಫುಡ್ ಸ್ಟ್ಯಾಂಪ್, ವಿಕ್ ಕಾರ್ಡ್ (ಸರ್ಕಾರದ ಆಹಾರ ನೆರವು) ಇರುವ ಬಡವರಿಗೆ ಆ ಹತ್ತು ಸೆಂಟ್ ಇರಲಿಲ್ಲ, ಕಾನೂನಿನಲ್ಲೇ ಬಿಟ್ಟಿದ್ದರು. ಅದು ಒಳ್ಳೆಯ ಕೆಲಸ.

ನಮ್ಮ ಅಂಗಡಿಯಲ್ಲಿ ಮೊದಲು ಇದ್ದದ್ದು ಕಾಗದದ ಬ್ಯಾಗ್. ರಾಜ್ಯದ ಕಾನೂನು ಬಂದಮೇಲೆ ದಪ್ಪ ಪ್ಲಾಸ್ಟಿಕ್ ಬಂತು. ಬದಲಾದದ್ದು ಏನು ಗೊತ್ತಾ? ಅದೇ ಹತ್ತು ಸೆಂಟ್, ಆದರೆ ಗಟ್ಟಿ, ಒದ್ದೆ ಆದರೆ ಹರಿಯಲ್ಲ, ಹಿಡಿಕೆ ಇದೆ. ಹಳೇ ಕವರ್ ತರಹವೇ ಕಾಣುತ್ತೆ. ಗಿರಾಕಿಗೆ ಯಾವ ಕಷ್ಟವೂ ಇಲ್ಲ. ಕಾರಿಗೆ ವಾಪಸ್ ಹೋಗೋರು ಕಡಿಮೆ ಆಗ್ತಾ ಬಂದರು. "ಬ್ಯಾಗ್ ಬೇಕಾ?" ಅಂತ ನಾವು ಕೇಳೋದು, ಅವರು ಫೋನ್ ನೋಡ್ತಾ ತಲೆ ಆಡಿಸೋದು. ಒಂದು ದಿನ ಲೆಕ್ಕ ಇಟ್ಟೆ, ಸುಮ್ನೆ ಕುತೂಹಲಕ್ಕೆ. ಬೆಳಗಿನ ಪಾಳಿಯ ನಾಲ್ಕು ತಾಸಿನಲ್ಲಿ ಹಳೇ ದಪ್ಪ ಕವರನ್ನೇ ಮತ್ತೆ ತಂದವರು ಇಬ್ಬರು. ಬಟ್ಟೆ ಬ್ಯಾಗ್ ತಂದವರು ಹತ್ತೊಂಬತ್ತು. ಅಂದರೆ ಮರುಬಳಕೆ ಮಾಡುವವರು ಬಟ್ಟೆಯದ್ದನ್ನೇ ಮಾಡ್ತಿದ್ದರು. ದಪ್ಪ ಕವರ್ ಯಾರಿಗೂ ಮರುಬಳಕೆಯ ಬ್ಯಾಗ್ ಆಗಿರಲೇ ಇಲ್ಲ.

ಕಾನೂನಿನಲ್ಲಿ ಅದಕ್ಕೆ ಪರೀಕ್ಷೆ ಇತ್ತು. 22 ಪೌಂಡ್ ತೂಕ ಹೊತ್ತು, 175 ಅಡಿ ದೂರ, 125 ಸಲ ತಾಳಬೇಕು. ಕವರ್ ತಾಳುತ್ತಿತ್ತು, ಅನುಮಾನ ಇಲ್ಲ. ಆದರೆ ಪರೀಕ್ಷೆ ಮಾಡಿದ್ದು ಕವರನ್ನ. ಅದನ್ನ ಮನೆಗೆ ಒಯ್ದವರು ವಾಪಸ್ ತರ್ತಾರಾ ಅಂತ ಯಾರೂ ನೋಡಲಿಲ್ಲ. ನಮ್ಮ ಕೌಂಟರ್ ಹತ್ತಿರ ಒಂದು ವಾರ ನಿಂತಿದ್ದರೆ ಗೊತ್ತಾಗ್ತಿತ್ತು. ಹತ್ತು ಸೆಂಟ್ ಅಂಗಡಿಗೇ ಬರುವಾಗ, ಮಾರೋದನ್ನ ಕಡಿಮೆ ಮಾಡಿ ಅಂತ ನಮಗೆ ಹೇಳುವವರೂ ಯಾರೂ ಇರಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. 2020ರ ಏಪ್ರಿಲ್. ಕೋವಿಡ್ ಅಂತ ಗವರ್ನರ್ ನ್ಯೂಸಮ್ 60 ದಿನ ಈ ನಿಷೇಧವನ್ನೇ ತಡೆಹಿಡಿದರು. ನಮ್ಮ ಬಾಗಿಲಿಗೆ ಬೋರ್ಡ್ ಹಾಕಿದರು, ಮನೆ ಬ್ಯಾಗ್ ಒಳಗೆ ತರಬೇಡಿ ಅಂತ. ಗಿರಾಕಿಯ ಬ್ಯಾಗ್ ಮುಟ್ಟೋಕೆ ನಮಗೂ ಭಯ, ಅದನ್ನ ಮುಚ್ಚಿಡಲ್ಲ. 60 ದಿನ ಮುಗಿದ ಮೇಲೂ ಆ ಬೋರ್ಡ್ ತಿಂಗಳುಗಟ್ಟಲೆ ಇತ್ತು. ಎಂಟು ವರ್ಷದಲ್ಲಿ ಬೆಳೆದ ಅಭ್ಯಾಸ ಒಂದೇ ಬೇಸಿಗೆಯಲ್ಲಿ ಹೋಯಿತು. ಆ ನೀಲಿ ಬ್ಯಾಗಿನ ಅಜ್ಜ ಆಮೇಲೆ ಬಂದಾಗ ಕೈಯಲ್ಲಿ ದಪ್ಪ ಕವರ್. ಹಾಗಾಗಿ ಆ 2,31,072 ಟನ್ ಪೂರ್ತಿ 2014ರ ರಾಜಿಯ ತಪ್ಪು ಅಂತ ನಾನು ಹೇಳಲ್ಲ. ಕೋವಿಡ್ ಕೂಡ ಅದರಲ್ಲಿದೆ.

ಸರ್, ಮಗಳಿಗೆ ಒಂದು ಹೇಳಿ. ಒಂದೇ ಕಾನೂನಿನಲ್ಲಿ ಎರಡು ಸಾಮಾನು ಇತ್ತು: ಒಂದು ಬೆಲೆ, ಇನ್ನೊಂದು ದಪ್ಪ. ಬೆಲೆ ಜನರನ್ನ ಬದಲಾಯಿಸಿತು. ದಪ್ಪ ಅವರನ್ನ ಹಿಂದಕ್ಕೆ ಕರೆದುಕೊಂಡು ಹೋಯಿತು. ಅಪ್ಪ ಬಾಗಿಲು ತಟ್ಟಿದ್ದು ಎರಡಕ್ಕೂ.

ಕಡತ_ಓದುಗ:

ಅಕ್ಕಾ, ಇದನ್ನ ಯಾವ ಸಮಿತಿ ಮುಂದೆಯೂ ಯಾರೂ ಹೀಗೆ ಹೇಳಿದ್ದು ನಾನು ಕೇಳಿಲ್ಲ.

ಕಾಯೋಟಿಯವರ ಮಾತಿನಲ್ಲಿ ನಗರಗಳ ಕೈ ಕಟ್ಟಿದ್ದು ನಿಜ. ನಾನು ಬಿಟ್ಟದ್ದು ತಪ್ಪು, ಒಪ್ಪುತ್ತೇನೆ. ಆದರೆ ಒಂದು ತಿದ್ದುಪಡಿ. ದಪ್ಪ ಕವರ್ ಸ್ಯಾಕ್ರಮೆಂಟೊದಲ್ಲಿ ಹುಟ್ಟಿದ್ದಲ್ಲ. ಲಾಸ್ ಏಂಜಲಿಸ್ ಕೌಂಟಿಯ 2010ರ ನಿಯಮ ತೆಗೆದು ನೋಡಿ. 2.25 ಮಿಲ್ ದಪ್ಪ, 125 ಸಲ, 22 ಪೌಂಡ್, 175 ಅಡಿ, ಎಲ್ಲ ಅಲ್ಲೇ ಇದೆ. ರಾಜ್ಯ ಅದನ್ನ ಎತ್ತಿಕೊಂಡಿತು. ಆಗ ಯಾರಿಗೂ ಅದು ನಿಷೇಧದಿಂದ ನುಣುಚಿಕೊಳ್ಳುವ ಸಂದು ಅಂತ ಅನ್ನಿಸಿರಲಿಲ್ಲ. ಅಷ್ಟು ದಪ್ಪದ್ದನ್ನ ಬಿಸಾಡುವಷ್ಟು ಅಗ್ಗಕ್ಕೆ ಯಾರೂ ಮಾರಲ್ಲ ಅನ್ನುವ ಲೆಕ್ಕ ಇತ್ತು. ಲಕ್ಷಗಟ್ಟಲೆ ತಯಾರಿಸಿದಾಗ ಆ ಲೆಕ್ಕ ಉಲ್ಟಾ ಆಯಿತು.

ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. 2.25 ಮಿಲ್ ಸುಮಾರು 57 ಮೈಕ್ರಾನ್. ಹಳೇ ತೆಳು ಕವರ್ ಅರ್ಧ ಮಿಲ್ ಆಸುಪಾಸು. ಒಂದು ದಪ್ಪ ಕವರಿನಲ್ಲಿ ನಾಲ್ಕು ತೆಳು ಕವರಿಗಿಂತ ಜಾಸ್ತಿ ಪ್ಲಾಸ್ಟಿಕ್ ಇದೆ. ಐದು ಸಲವಾದರೂ ಬಳಸದಿದ್ದರೆ ನಷ್ಟವೇ. ಹಳ್ಳದಲ್ಲಿ ಎಣಿಕೆ ಇಳಿದು, ತೂಕದ ಲೆಕ್ಕದಲ್ಲಿ ಟನ್ ಏರಿದ್ದು ಹೀಗೆ. ಕಾಯೋಟಿಯವರು ಕಂಡದ್ದೂ ನಿಜ, ಪಶ್ಚಿಮದಂಡೆ ಸರ್ ಓದಿದ್ದೂ ನಿಜ.

ಇನ್ನೊಂದು ಅಧ್ಯಯನವೂ ಇದೆ. ಅರ್ಥಶಾಸ್ತ್ರಜ್ಞೆ ರೆಬೆಕಾ ಟೇಲರ್ 2019ರಲ್ಲಿ ಪ್ರಕಟಿಸಿದ್ದು, ಕ್ಯಾಲಿಫೋರ್ನಿಯಾದ ನಗರಗಳ ನಿಷೇಧದ ಬಗ್ಗೆಯೇ. ಅಂಗಡಿ ಕವರಿನಲ್ಲಿ ಉಳಿದ ಪ್ಲಾಸ್ಟಿಕ್ 4 ಕೋಟಿ ಪೌಂಡ್. ಅದೇ ಹೊತ್ತಿಗೆ ಜನ ಕಸದ ಬುಟ್ಟಿಗೆ ಅಂತ ಕೊಂಡ ಚೀಲಗಳಲ್ಲಿ 1 ಕೋಟಿ 20 ಲಕ್ಷ ಪೌಂಡ್ ಹೆಚ್ಚಾಯಿತು. ಹಳೇ ಕವರ್ ಕಸದ ಬುಟ್ಟಿಗೂ ಆಗ್ತಿತ್ತು ಅನ್ನೋದನ್ನ ನಾವೆಲ್ಲ ಮರೆತಿದ್ದೆವು. ಉಳಿತಾಯ ಇದೆ, ಆದರೆ ನಾವು ಅಂದುಕೊಂಡಷ್ಟಿಲ್ಲ.

ಹೊಸ ಕಾನೂನಿನಲ್ಲಿ ಬೆಲೆ ಉಳಿದಿದೆ, ದಪ್ಪದ ಮಾತು ಹೋಗಿದೆ. ಪ್ಲಾಸ್ಟಿಕ್ ಫಿಲ್ಮ್‌ನ ಕವರ್ ಯಾವ ದಪ್ಪದ್ದನ್ನೂ ಕೌಂಟರ್‌ನಲ್ಲಿ ಕೊಡುವಂತಿಲ್ಲ. 2028ರಿಂದ ಕಾಗದದ ಬ್ಯಾಗಿನಲ್ಲಿ ಅರ್ಧದಷ್ಟು ಹಳೇ ಕಾಗದ ಇರಬೇಕು. ಅಕ್ಕ ಹೇಳಿದ ಎರಡು ಸಾಮಾನುಗಳಲ್ಲಿ ಒಂದನ್ನು ಇಟ್ಟುಕೊಂಡು ಒಂದನ್ನು ಬಿಟ್ಟಿದ್ದಾರೆ.

ಕಾಯೋಟಿ_ಹಳ್ಳ:

ಲಾಸ್ ಏಂಜಲಿಸ್ ಕೌಂಟಿಯದ್ದು ನನಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್.

ಆದರೂ ನನ್ನ ಮಾತು ಬಿಡಲ್ಲ. ತಪ್ಪು ಅಂದಾಜು ಎಲ್ಲರಿಗೂ ಆಗುತ್ತೆ. ನಗರಗಳು ತಮ್ಮ ತಪ್ಪನ್ನ ತಾವೇ ತಿದ್ದಿಕೊಳ್ಳಬಹುದಿತ್ತು, ಅದಕ್ಕೆ ಅವಕಾಶ ಕೊಡಬೇಕಿತ್ತು. ಮೂರು ಮತಕ್ಕಾಗಿ ದುಡ್ಡು ಕೊಡಲಿ, ಕಾಲಾವಕಾಶ ಕೊಡಲಿ. ಮುಂದೆ ತಿದ್ದುವ ಹಕ್ಕನ್ನ ಮಾತ್ರ ಕೊಡಬಾರದು. ಐದು ವರ್ಷಕ್ಕೆ ಒಮ್ಮೆ ಲೆಕ್ಕ ನೋಡಿ ಮತ್ತೆ ಮತಕ್ಕೆ ಹಾಕಬೇಕು ಅಂತ ಒಂದು ಸಾಲು ಸೇರಿಸಿದ್ದರೆ ಡೆ ಲಿಯೋನ್ ಕೂಡ ಬೇಡ ಅಂತಿರಲಿಲ್ಲ ಅಂತ ನನಗೆ ಅನಿಸುತ್ತೆ.

ಪಶ್ಚಿಮದಂಡೆ:

ಮೂವರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಓದಿ ಹೇಳಿದೆ.

ನನಗೆ ಒಂದು ನೆನಪಾಯಿತು. 2016ರಲ್ಲಿ ಬಾಗಿಲು ತಟ್ಟಿದಾಗ ಹೆಚ್ಚಿನವರು ಕೇಳಿದ್ದು, "65ಕ್ಕೂ 67ಕ್ಕೂ ಏನು ವ್ಯತ್ಯಾಸ?" ಅಂತ. ಕವರ್ ಕಂಪನಿಗಳೇ 65 ಅಂತ ಇನ್ನೊಂದನ್ನ ಮತಕ್ಕೆ ಇಟ್ಟಿದ್ದರು. ಹತ್ತು ಸೆಂಟ್ ಅಂಗಡಿಗೆ ಹೋಗದೆ ಪರಿಸರ ನಿಧಿಗೆ ಹೋಗಲಿ ಅನ್ನೋದು ಅದರ ಮಾತು. ಅಂಗಡಿಯವರನ್ನ ಈ ಕಡೆಯಿಂದ ಒಡೆಯೋಕೆ ಅಂತ ಮಾಡಿದ್ದು ಅದು, ಅದಕ್ಕೇ ಅದು ಬೇಡ ಅಂತ ನಾನು ಹೇಳುತ್ತಿದ್ದೆ. ಅದು ಸೋತಿತು, ನಾನು ಖುಷಿಪಟ್ಟೆ. ಕೌಂಟರ್ ಅಕ್ಕ ಬರೆದದ್ದು ಓದಿದ ಮೇಲೆ, ಆ ದುಡ್ಡು ಅಂಗಡಿಗೆ ಹೋಗಿದ್ದೇ ದಪ್ಪ ಕವರ್ ಉಳಿಯೋಕೆ ಒಂದು ಕಾರಣ ಅನ್ನೋದು ತಿಳಿಯಿತು. ಕಂಪನಿಗಳ ಉದ್ದೇಶ ಕೆಟ್ಟದ್ದೇ. ಆದರೂ ಪ್ರಶ್ನೆ ಒಳ್ಳೆಯದಿತ್ತು. ಆ ಬಾಗಿಲುಗಳಲ್ಲಿ ನಾನು ಅದನ್ನ ನಿಂತು ಯೋಚಿಸಲೇ ಇಲ್ಲ.

ಮಗಳಿಗೆ ಹೇಳಿದೆ: ಹೌದು, ಈ ಕವರ್‌ಗೋಸ್ಕರವೂ ಕೇಳಿದ್ದೆ, ಗೊತ್ತಿಲ್ಲದೆ. ಹತ್ತು ಸೆಂಟಿಗೋಸ್ಕರವೂ ಕೇಳಿದ್ದೆ. ಮತ್ತೆ ಅಂಥದ್ದೇ ಕಾನೂನು ಬಂದರೆ ಮತ್ತೆ ಬಾಗಿಲು ತಟ್ಟುತ್ತೇನೆ. ಆದರೆ ತಟ್ಟುವ ಮುಂಚೆ, ಐದು ವರ್ಷಕ್ಕೊಮ್ಮೆ ಲೆಕ್ಕ ನೋಡುವ ಸಾಲು ಎಲ್ಲಿದೆ ಅಂತ ಹುಡುಕುತ್ತೇನೆ. ಅವಳು ತಲೆ ಆಡಿಸಿ, ಕ್ಲಾಸಿನ ಪ್ರಾಜೆಕ್ಟ್‌ಗೆ ಕೌಂಟರ್ ಅಕ್ಕನ "ಇಬ್ಬರು, ಹತ್ತೊಂಬತ್ತು" ಲೆಕ್ಕ ಬರೆದುಕೊಳ್ಳಬಹುದಾ ಅಂತ ಕೇಳಿದಳು. ಅಕ್ಕಾ, ಬರೆದುಕೊಳ್ಳಬಹುದಾ?

ಕಾಯೋಟಿಯವರೇ, ಸೆಪ್ಟೆಂಬರ್ ಮೂರನೇ ಶನಿವಾರದ ಕಸ ಎತ್ತುವ ದಿನಕ್ಕೆ ನಾವಿಬ್ಬರೂ ಬರ್ತೀವಿ. ಕಸ ತುಂಬೋಕೆ ಈ 43 ಕವರ್ ಆಗುತ್ತಾ? ಒಂದೊಂದನ್ನೂ ತೊಳೆದು ಮತ್ತೆ ಮತ್ತೆ ತರ್ತೀವಿ. ಮಗಳು ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಗೆರೆ ಎಳೆದು ಎಷ್ಟು ಸಲ ಆಯಿತು ಅಂತ ಲೆಕ್ಕ ಇಡ್ತಾಳಂತೆ. ಸದ್ಯಕ್ಕೆ ಎಲ್ಲದರ ಮೇಲೂ ಒಂದೇ ಗೆರೆ ಇದೆ.

ಕೌಂಟರ್_ಅಕ್ಕ:

ಖಂಡಿತ ಬರೆದುಕೊಳ್ಳಲಿ. ಅದು ಬುಧವಾರ, ಬೆಳಿಗ್ಗೆ ಏಳರಿಂದ ಹನ್ನೊಂದು, ಒಂದೇ ಕೌಂಟರ್. ಅದನ್ನೂ ಬರೆಯೋಕೆ ಹೇಳಿ. ಒಂದು ದಿನದ ಲೆಕ್ಕವನ್ನ ಎಲ್ಲ ದಿನದ ಲೆಕ್ಕ ಅಂದುಕೊಳ್ಳೋದು ಬೇಡ.